ಅಣ್ಣನ ಅಲೆ

ಟಪ್ ಎಂದು ಸದ್ದಾಯಿತು. ಅಡುಗೆಮನೆಯ ನಲ್ಲಿ ಇರಬೇಕೆಂದುಕೊಂಡಳು ಇವಲಾನಿ. ರಾತ್ರಿ ಒಂದು ಗಂಟೆ ದಾಟಿತ್ತು. ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ತೀರಿಕೊಂಡ ಅಣ್ಣ ಕೈಮಿಯ ಫೋಟೊ ಹಾಕಿ ಅಚ್ಚು ಮಾಡಿಸಿದ್ದ ಪ್ರಾರ್ಥನೆಯ ಹಾಳೆಯನ್ನು ಬಗ್ಗಿ ನೋಡುತ್ತಿದ್ದಳು. ಇನ್ನೊಮ್ಮೆ ಟಪ್. ಈ ಸಲ ಕಂಡಿತು: ಹನಿ ಬಿದ್ದದ್ದು ಹಾಳೆಯ ಮೇಲೆ, ಕೈಮಿಯ ಕೆನ್ನೆಯ ಹತ್ತಿರ, ಬಿದ್ದದ್ದು ತನ್ನದೇ ಮೂಗಿನಿಂದ. ತುಟಿಗೆ ಉಪ್ಪು ತಾಗಿತು. ಅಳು ಅಂತೂ ಅಲ್ಲ. ಅಲೆಯಲ್ಲಿ ಮುಳುಗಿ ಎದ್ದವರ ಹಣೆಯ ಹಿಂದೆ ಸಮುದ್ರ ಒಂದಿಷ್ಟು ಉಳಿದುಕೊಂಡುಬಿಡುತ್ತದೆ. ಹತ್ತು ಹನ್ನೆರಡು ಗಂಟೆ ಸುಮ್ಮನಿದ್ದು, ಚಪ್ಪಲಿ ಹಾಕಿಕೊಳ್ಳಲೋ ತಟ್ಟೆ ಎತ್ತಲೋ ಬಗ್ಗಿದಾಗ ಹೇಳದೆ ಕೇಳದೆ ಸುರಿಯುತ್ತದೆ. ಕೈಮಿ ತನ್ನ ಮದುವೆಯ ದಿನ ಬೆಳಗ್ಗೆಯೂ ಹಲಗೆ ಹಿಡಿದು ಅಲೆ ಸವಾರಿಗೆ ಹೋಗಿದ್ದ. ಚರ್ಚಿನಲ್ಲಿ ರೊವೆನಾಳ ಬೆರಳಿಗೆ ಉಂಗುರ ತೊಡಿಸಲು ಬಗ್ಗಿದವನ ಮೂಗಿನಿಂದ ಅವಳ ಕೈಯ ಮೇಲೆ ನೀರು ಇಳಿದು, ಗಂಡು ಅಳುತ್ತಿದ್ದಾನೆಂದು ಅವಳ ಕಡೆಯವರೆಲ್ಲ ಕರವಸ್ತ್ರ ತೆಗೆದಿದ್ದರು. ಅವನು ಅದೇ ರಾತ್ರಿ ಊಟದ ಮೇಜಿನಲ್ಲಿ ಎದ್ದು ನಿಂತು, ಹೊಟ್ಟೆ ಹಿಡಿದು ನಗುತ್ತ, ಅದು ಕಣ್ಣೀರಲ್ಲವೆಂದು ಎಲ್ಲರಿಗೂ ಹೇಳಿಬಿಟ್ಟ. ಹೇಳಿದ್ದಕ್ಕೆ ಅವನಿಗೇನೂ ಆಗಲಿಲ್ಲ. ಹೇಳಿಬಿಡುವವರಿಗೆ ಏನೂ ಆಗುವುದಿಲ್ಲವೇನೋ. ಇವಲಾನಿ ರಾತ್ರಿಯಂಗಿಯ ತುದಿಯಿಂದ ಫೋಟೊ ಒರೆಸಿದಳು. ಕೆನ್ನೆಯ ಬಣ್ಣ ಅಂಗಿಗೆ ಹತ್ತಿತು.

ದೀಪ ಆರಿಸಿ ಮಲಗಿದ ಮೇಲೆ ಹಾಸಿಗೆ ಏರಿತು, ಇಳಿಯಿತು. ದೊಡ್ಡ ಅಲೆಯ ದಿನ ಯಾವಾಗಲೂ ಹೀಗೇ. ಮೈ ದಡಕ್ಕೆ ಬಂದಿದ್ದರೂ ಒಳಗಿನದೇನೋ ನೀರಿನಲ್ಲೇ ಉಳಿದಿರುತ್ತದೆ. ಭಾನುವಾರ ಬೆಳಗ್ಗೆ ಮೂವತ್ತು ಸರ್ಫ್ ಹಲಗೆಗಳು ಒಟ್ಟಿಗೆ ನೀರಿಗಿಳಿದಿದ್ದವು. ದಡದಲ್ಲಿ ಹೆಂಗಸರು ಹೂಮಾಲೆಗಳ ದಾರ ಎಳೆದು ತೆಗೆದು ಬಿಡಿ ಹೂಗಳನ್ನಷ್ಟೇ ಬುಟ್ಟಿಗೆ ತುಂಬಿದ್ದರು. ದಾರ ನೀರಿಗೆ ಹೋದರೆ ಆಮೆಗಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯದ ರೊವೆನಾ ಅತ್ತಿಗೆ, ಕಿತ್ತಳೆ ಬಣ್ಣದ ತೇಲುಕವಚ ತೊಟ್ಟು, ಕೈಮಿಯ ಹಳದಿ ಹಲಗೆಯ ಮೇಲೆ ಬೋರಲು ಮಲಗಿದ್ದಳು. ಅದನ್ನು ಹಗ್ಗದಿಂದ ತನ್ನ ಹಲಗೆಗೆ ಕಟ್ಟಿಕೊಂಡು ಎಳೆದೊಯ್ದವನು ಪೆಕೆಲೊ ಅಂಕಲ್. ಈ ದಡದಲ್ಲಿ ಸತ್ತವರಿಗೆಲ್ಲ ನೀರಿನ ಮೇಲೆ ವೃತ್ತ ಕಟ್ಟಿ ಪ್ರಾರ್ಥನೆ ಹೇಳುವುದು ಅವನ ಪಾಲಿನ ಕೆಲಸ. ಅತ್ತಿಗೆಯ ಕವಚದೊಳಗೆ, ಎದೆಗೆ ಒತ್ತಿಕೊಂಡಂತೆ, ಕೀ ಎಂಬ ಗಿಡದ ಅಗಲವಾದ ಹಸಿರು ಎಲೆಯಲ್ಲಿ ಮಡಚಿ ನಾರಿನಿಂದ ಕಟ್ಟಿದ ಪೊಟ್ಟಣ. ಒಳಗೆ ಕೈಮಿಯ ಎರಡು ಮುಷ್ಟಿ ಬೂದಿ. ಕೈಮಿ ಆಸ್ಪತ್ರೆಯಲ್ಲಿ ತೀರಿಕೊಂಡ ದಿನದಿಂದ ಅವಳು ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳುತ್ತಿದ್ದಳು. "ನಾನೇ ಹಾಕ್ತೀನಿ. ನೀರು ಅಂದ್ರೆ ಭಯ ಇದ್ರೂ ಸರಿ, ನನ್ನ ಕೈಯಿಂದಾನೇ ಹಾಕ್ತೀನಿ."

ಅಲೆ ಒಡೆಯುವ ಹವಳದ ದಿಬ್ಬವನ್ನು ದಾಟಿ, ಆಳದಲ್ಲಿ, ಹಲಗೆಗಳ ಮೇಲೆ ಕಾಲು ಇಳಿಬಿಟ್ಟು ಕೂತು ಎಲ್ಲರೂ ಕೈ ಕೈ ಹಿಡಿದರು. ಅತ್ತಿಗೆಯ ಎಡಗೈ ಇವಲಾನಿಯ ಬಲಗೈಯಲ್ಲಿತ್ತು. ಪೆಕೆಲೊ ಅಂಕಲ್ ಕೈಮಿಯ ಅಜ್ಜನ ಅಜ್ಜನಿಂದ ಹಿಡಿದು ಹೆಸರು ಹೇಳತೊಡಗಿದ. ತಲೆಗಳೆಲ್ಲ ತಗ್ಗಿದ್ದವು. ಪೊಟ್ಟಣ ತೆಗೆದು ತೊಡೆಯ ಮೇಲಿಟ್ಟುಕೊಂಡ ಅತ್ತಿಗೆ ಪಿಸುಗುಟ್ಟಿದಳು. "ಇವಾ, ಒಂದ್ನಿಮಿಷ ಹಿಡ್ಕೊ. ಬೀಳಿಸ್ಬಿಡ್ತೀನೇನೋ ಅಂತ ಭಯ ಆಗ್ತಿದೆ." ಇವಲಾನಿ ಎಡಗೈ ಬಿಡಿಸಿಕೊಂಡು ಹಿಡಿದುಕೊಂಡಳು. ಎಲೆ ತಣ್ಣಗಿತ್ತು, ಅತ್ತಿಗೆಯ ಮೈಯ ಕಡೆಗಿದ್ದ ಭಾಗ ಮಾತ್ರ ಬೆಚ್ಚಗಿತ್ತು. ಇದು ನೆನಪಿದೆ. ಇಲ್ಲಿಯವರೆಗೆ ಪ್ರತಿಯೊಂದೂ ನೆನಪಿದೆ.

ಸೋಮವಾರ ಬೆಳಗ್ಗೆ ದಂತ ಚಿಕಿತ್ಸಾಲಯದಲ್ಲಿ ಮೊದಲ ಕುರ್ಚಿಗೆ ಬಂದು ಕಾಲು ಚಾಚಿದವನು ಪೆಕೆಲೊ ಅಂಕಲ್ಲೇ. ಆರು ತಿಂಗಳ ಹಿಂದೆ ಗೊತ್ತು ಮಾಡಿದ್ದ ದಿನ; ಹಲ್ಲಿನ ಕಿಟ್ಟ ತೆಗೆಸಿಕೊಳ್ಳಲು. ಇವಲಾನಿಗೆ ಹದಿನೆಂಟು ವರ್ಷದಿಂದ ಇದೇ ಕೆಲಸ. ಊರಿನವರ ಮುಖಕ್ಕಿಂತ ಅವರ ದವಡೆ ಅವಳಿಗೆ ಚೆನ್ನಾಗಿ ಗೊತ್ತು. ಮುಖಕ್ಕೆ ಮುಸುಕು, ಕಣ್ಣಿಗೆ ಕನ್ನಡಕ, ಎದುರಿನವರ ಬಾಯಲ್ಲಿ ಕೊಳವೆ: ಯಾರೂ ಏನೂ ಕೇಳಲಾರದ, ಕೇಳಿದರೂ ಉತ್ತರ ಕೊಡಬೇಕಿಲ್ಲದ ಈ ಏರ್ಪಾಟಿಗಾಗಿಯೇ ತಾನು ಈ ಕೆಲಸ ಆರಿಸಿಕೊಂಡೆನೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ಪೆಕೆಲೊ ಅಂಕಲ್‌ಗೆ ಬಾಯಿ ತುಂಬ ಉಪಕರಣವಿದ್ದರೂ ಮಾತು ನಿಲ್ಲುವುದಿಲ್ಲ. "ಆಂ... ಅಯೆ... ಎಂಥಾ ಅಯೆ..." ಎಂದು ಕೈಯಲ್ಲೇ ಗಾಳಿಯೊಳಗೆ ಅಲೆಯ ಬಾಗು ಬರೆದು ತೋರಿಸಿದ. ಬಾಯಿ ಮುಕ್ಕಳಿಸಿ ಉಗಿದ ಮೇಲೆ ಪೂರ್ತಿ ಮಾತು ಬಂತು.

"ತಪ್ಪು ನಂದೇ ಕಣಮ್ಮಾ. ಹೆಸರು ಹೇಳ್ತಾ ಹೇಳ್ತಾ ಕಣ್ಣು ಮುಚ್ಕೊಂಡ್ಬಿಟ್ಟೆ. ವೃತ್ತ ಪೂರ್ತಿ ದಿಬ್ಬದ ಮೇಲಕ್ಕೆ ತೇಲ್ಕೊಂಡು ಬಂದಿದ್ದು ಗೊತ್ತೇ ಆಗ್ಲಿಲ್ಲ. ನಮ್ಮಾಕೆ ಹೇಳ್ತಾನೇ ಇರ್ತಾಳೆ, ನಿನ್ನ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಇನ್ನಿಬ್ರು ಸಾಯ್ತಾರೆ ಅಂತ."

"ಪರವಾಗಿಲ್ಲ ಅಂಕಲ್. ಬಾಯಿ ತೆಗೀರಿ."

"ತಾಳು, ಹೇಳ್ಬಿಡ್ತೀನಿ. ನಲವತ್ತು ವರ್ಷದಿಂದ ವೃತ್ತ ಕಟ್ತಿದ್ದೀನಿ. ಹೂ ಹಾಕ್ತಾರೆ, ನೀರು ಎರಚ್ತಾರೆ, ಕೂಗ್ತಾರೆ, ಮನೆಗೆ ಹೋಗಿ ಹಂದಿಮಾಂಸ ತಿಂತಾರೆ. ಸತ್ತೋನನ್ನ ಕೈಲಿಟ್ಕೊಂಡು ಅವನ ಅಲೆ ಮೇಲೇ ಸವಾರಿ ಮಾಡ್ಸಿ ಕಳ್ಸಿದ್ದು ನಾನಂತೂ ನೋಡಿಲ್ಲ. ದಡದಲ್ಲಿ ಎಲ್ರೂ ಅದನ್ನೇ ಮಾತಾಡ್ತಿದ್ದಾರೆ. ಇನ್ಮೇಲೆ ಹೀಗೇ ಮಾಡೋಣ ಅಂತ."

"ಏನು?"

"ಇನ್ಮೇಲೆ ಯಾರು ಹೋದ್ರೂ ಹೀಗೇ ಮಾಡೋಣ ಅಂತ. ನನ್ನ ಸರದಿ ಬಂದಾಗ ನೀನೇ ಬರ್ಬೇಕು. ಈಗ್ಲೇ ಹೇಳಿಟ್ಟಿದ್ದೀನಿ. ಆದ್ರೆ ಸಣ್ಣ ಅಲೆ ನೋಡ್ಕೊ ತಾಯಿ, ನಂಗೆ ಮೊದಲಿಂದ್ಲೂ ತಲೆ ಸುತ್ತು."

ಅವನು ತನ್ನ ತಮಾಷೆಗೆ ತಾನೇ ನಕ್ಕ. ನಗುವಾಗ ಕಣ್ಣು ಒದ್ದೆಯಾಗಿದ್ದವು. ಅವಳು ಬಗ್ಗಿದಳು. ಬಗ್ಗಿದ್ದೇ ತಡ ಹಣೆಯ ಹಿಂದೆ ಏನೋ ಸರಿದು, ಮುಸುಕಿನೊಳಗೆ ಬೆಚ್ಚಗೆ ನೀರು ಇಳಿಯಿತು. ಮೇಲ್ದುಟಿ, ಕೆಳದುಟಿ, ಗಲ್ಲ. ಒಂದು ಹನಿ ಅಂಚಿನಿಂದ ಜಾರಿ ಆ ಮುದುಕನ ತೆರೆದ ಬಾಯಿಗೆ ಬಿದ್ದರೆ? ಅವಳು ಕತ್ತು ನೇರ ಮಾಡಿಕೊಂಡು ಉಸಿರು ಬಿಗಿಹಿಡಿದಳು. ಅಂಕಲ್ ಅವಳ ಮಣಿಕಟ್ಟು ಮೆಲ್ಲಗೆ ತಟ್ಟಿದ. "ಅಳು ಮಗಾ, ಅಳು. ಅತ್ರೆ ಹಗುರ ಆಗುತ್ತೆ." ಅವಳು ಅಳುತ್ತಿಲ್ಲವೆಂದು ಹೇಳಲು ಬಾಯಿ ತೆರೆದಳು, ಉಪ್ಪು ಒಳಗೆ ಹೋಯಿತು. ಕೈ ತೊಳೆದು ಬರುವ ನೆಪದಲ್ಲಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮುಸುಕು ಕಳಚಿ ಕಸದ ಬುಟ್ಟಿಗೆ ಎಸೆದಳು. ಕನ್ನಡಿಯಲ್ಲಿ ಮುಸುಕಿನ ಗೆರೆ ಮೂಡಿದ ಮುಖ ಅತ್ತವಳ ಮುಖದಂತೆಯೇ ಕಂಡಿತು. ಅದನ್ನು ನಂಬಿಬಿಡುವುದು ಎಷ್ಟು ಸುಲಭ ಅನ್ನಿಸಿ ಬೇಗ ಕಣ್ಣು ತೆಗೆದಳು.

ನಿನ್ನೆ ವೃತ್ತದಲ್ಲಿ ಯಾರೋ, ದೊಡ್ಡ ಅಲೆ, ಹೊರಗೇ, ಹೊರಗೇ ಎಂದು ಕೂಗಿದ್ದರು. ದಿಗಂತದಲ್ಲಿ ಕಪ್ಪು ಗೆರೆಗಳು, ಒಂದರ ಹಿಂದೆ ಒಂದು. ಕೈಗಳು ಬಿಡಿಸಿಕೊಂಡವು. ಮೂವತ್ತು ಜನ ಬೋರಲಾಗಿ, ಅಲೆ ಒಡೆಯುವ ಮೊದಲೇ ಅದರ ಬೆನ್ನು ದಾಟಲು ಹೊರಗಡೆಗೆ ಕೈಬೀಸಿದರು. ಅಂಕಲ್ ಹಗ್ಗ ಎಳೆದ. ಅತ್ತಿಗೆಯ ಬೆರಳು ಇವಲಾನಿಯ ಬೆರಳಿನಿಂದ ಕಳಚಿಕೊಂಡಿತು. ಅತ್ತಿಗೆ ಅವಳ ಹೆಸರು ಕೂಗಿದಳು. ಮೊದಲ ಅಲೆ ಇವಲಾನಿಯ ಹೊಟ್ಟೆಯ ಕೆಳಗೆ ಹಾದುಹೋಯಿತು. ಆಗಲೇ ಅವರ ಹಿಂದೆ ಹೋಗಬಹುದಿತ್ತು. ನಾಲ್ಕು ಸಲ ಕೈ ಹಾಕಿದ್ದರೆ ಸಾಕಿತ್ತು. ಆದರೆ ಎರಡನೆಯದು ಎದ್ದು ನಿಂತದ್ದನ್ನು ಅವಳು ನೋಡಿಬಿಟ್ಟಳು. ವಾಯುವ್ಯದ ದೊಡ್ಡ ಅಲೆಗಳು ಒಂದೇ ಒಂದು ಓರೆಯಲ್ಲಿ ಬಂದಾಗ ಮಾತ್ರ, ವರ್ಷಕ್ಕೆ ಎರಡೋ ಮೂರೋ ಸಲ, ದಿಬ್ಬದ ಈ ಮೂಲೆಯಲ್ಲಿ ಇಂಥದೊಂದು ಏಳುತ್ತದೆ. ಅದು ಕೈಮಿಯದು. ಯಾರೂ ಬರೆದುಕೊಟ್ಟದ್ದಲ್ಲ, ಹದಿನೈದನೇ ವಯಸ್ಸಿನಿಂದ ಕತ್ತಲೆ ಹರಿಯುವ ಮುಂಚೆ ಬಂದು ಕಾದು ಕೂತವನಿಗೆ ದಡದವರೆಲ್ಲ ಬಿಟ್ಟುಕೊಟ್ಟದ್ದು. ಅವಳೂ ಬಿಟ್ಟುಕೊಟ್ಟಿದ್ದಳು. ಹನ್ನೆರಡು ವರ್ಷದವಳಿದ್ದಾಗಿನಿಂದ, ಅವನಿಗಿಂತ ಹತ್ತು ಮಾರು ಈಚೆ ಕೂತು, ಹೋ ಎಂಬ ಅವನ ಕೂಗು ಕೇಳಿದ ಕೂಡಲೇ ಹಲಗೆಯ ಮೂತಿ ಎತ್ತಿ ಹಿಂದಕ್ಕೆ ಸರಿಯುತ್ತಿದ್ದಳು. ನೀರು ತುಂಬಿದ ಕಣ್ಣಿನಿಂದ ಅವನ ಬೆನ್ನು ದೂರವಾಗುವುದನ್ನು ನೋಡುತ್ತಿದ್ದಳು. ಮೂವತ್ತನಾಲ್ಕು ವರ್ಷ ಆ ಬೆನ್ನು.

ಹಲಗೆ ತಿರುಗಿತು. ತಾನು ತಿರುಗಿಸಿದೆನೆಂದು ಹೇಳಲು ಈಗಲೂ ಅವಳಿಗೆ ಧೈರ್ಯವಿಲ್ಲ. ಎಡ ಮುಷ್ಟಿಯಲ್ಲಿ ಪೊಟ್ಟಣ ಹಿಡಿದೇ ಮೂರು ಸಲ ನೀರಿಗೆ ಕೈ ಹಾಕಿದ್ದು ನಿಜ. ಮುಷ್ಟಿಯಿಂದ ನೀರು ತಳ್ಳಲು ಆಗದೆ ಹಲಗೆ ಎಡಕ್ಕೆ ಎಳೆದದ್ದು ನೆನಪಿದೆ. ನಾಲ್ಕನೆಯ ಸಲ ಎಳೆಯಲಿಲ್ಲ. ಹಿಂದಿನಿಂದ ನೀರು ಅವಳನ್ನು ಎತ್ತಿಕೊಂಡಿತು, ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವ ಹಾಗೆ, ಮತ್ತು ಕೆಳಗೆ ನೆಲ ಮಾಯವಾಯಿತು. ಎರಡು ಅಂಗೈಯನ್ನೂ ಹಲಗೆಗೆ ಊರಿ ಎದ್ದು ನಿಂತಳು. ಬಿದ್ದಂತೆಯೇ ಇಳಿದಳು, ಬುಡದಲ್ಲಿ ಮೊಣಕಾಲು ಮಡಚಿ ಹಿಮ್ಮಡಿ ಒತ್ತಿದಾಗ ಹಲಗೆ ನಡುಗಿ, ನರಳಿ, ಆಮೇಲೆ ಒಮ್ಮೆಲೇ ಮೌನವಾಗಿ ಓಡತೊಡಗಿತು. ಬಲಕ್ಕೆ ನೀರಿನ ಗೋಡೆ, ಹಸಿರು, ಅದರೊಳಗಿನಿಂದ ಸೂರ್ಯ ಕಾಣುವಷ್ಟು ತೆಳ್ಳಗೆ. ತಲೆಯ ಮೇಲೆ ಅಲೆಯ ತುಟಿ ಬಾಗುತ್ತಿತ್ತು. ಮುಂದೆ ನೀರು ಎದ್ದು ನಿಲ್ಲುತ್ತಿದ್ದುದು ತನಗಾಗಿಯೇ, ತಾನು ತಲುಪುವ ಗಳಿಗೆಗೆ ಸರಿಯಾಗಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ. ಬೆರಳುಗಳನ್ನು ಗೋಡೆಗೆ ತಾಗಿಸಿದಳು. ಐದು ಬೆರಳು, ಐದು ಬಿಳಿ ಗೆರೆ. ವಯಸ್ಸಿಲ್ಲ, ಬೆನ್ನುನೋವಿಲ್ಲ, ಎಂಟು ತಿಂಗಳ ಆಸ್ಪತ್ರೆಯ ವಾಸನೆಯಿಲ್ಲ. ಯಾರೋ ಗಟ್ಟಿಯಾಗಿ ನಗುತ್ತಿದ್ದರು. ಗಂಡಸಿನ ನಗೆಯಂತೆ ಒರಟಾಗಿ, ತಡೆಯಿಲ್ಲದೆ. ಅದು ತನ್ನದೆಂದು ತಿಳಿದದ್ದು ಅಲೆ ಮುಗಿದು, ನೊರೆಯಲ್ಲಿ ಉರುಳಿ, ಮೇಲೆದ್ದು ಉಸಿರೆಳೆದಾಗ.

ಆಗ ಕೈ ನೋಡಿಕೊಂಡಳು. ಎರಡೂ ಅಂಗೈ ಬಿಚ್ಚಿದ್ದವು.

ಎಡ ಹೆಬ್ಬೆರಳಿನ ಉಗುರಿಗೆ ಎಲೆಯ ನಾರಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಅವಳು ಮುಳುಗಿದಳು, ಹವಳದ ಮೇಲೆ ಕಣ್ಣು ಬಿಟ್ಟು ಹುಡುಕಿದಳು, ಎದ್ದಳು, ಮತ್ತೆ ಮುಳುಗಿದಳು. ಎಲ್ಲೆಲ್ಲೂ ಬಿಳಿ ಗುಳ್ಳೆ. ದಡದಲ್ಲಿ ಶಂಖ ಊದುತ್ತಿದ್ದರು, ಹಲಗೆಗಳನ್ನು ಗುದ್ದಿ ಸದ್ದು ಮಾಡುತ್ತಿದ್ದರು. ಮುಳುಗಿ ಏಳುತ್ತಿದ್ದವಳನ್ನು ಕಂಡು ಅಣ್ಣನಿಗೆ ನಮಸ್ಕಾರ ಮಾಡುತ್ತಿದ್ದಾಳೆ ಅಂದುಕೊಂಡರಂತೆ. ನೀರಿನಿಂದ ಹೊರಗೆ ಬಂದಾಗ ಯಾವಳೋ ದೂರದ ಚಿಕ್ಕಮ್ಮ ಕುತ್ತಿಗೆಗೆ ಬಿದ್ದು ಗೋಳಾಡಿದಳು. "ಅವನನ್ನ ಅವನ ಅಲೆ ಮೇಲೇ ಬಿಟ್ಬಂದ್ಯಲ್ಲೇ! ಎಂಥ ತಂಗಿಯೇ ನೀನು!" ಇವಲಾನಿ ತಲೆಯಾಡಿಸಿದಳು. ಅಷ್ಟೇ. ಬಾಯಿಬಿಟ್ಟು ಒಂದು ಸುಳ್ಳೂ ಹೇಳಲಿಲ್ಲ. ಮಾತಿನಲ್ಲಿ ತಾನು ಯಾವಾಗಲೂ ಎಚ್ಚರದವಳು. ಅರ್ಧ ಗಂಟೆಯ ಮೇಲೆ, ಕೆಮ್ಮುತ್ತ, ಸೊಟ್ಟಗಾದ ಕವಚದಲ್ಲಿ, ಇಬ್ಬರ ಹೆಗಲು ಹಿಡಿದು ಅತ್ತಿಗೆ ದಡಕ್ಕೆ ಬಂದಳು. ಬಂದವಳು ಮೊದಲು ನೋಡಿದ್ದು ಇವಲಾನಿಯ ಕೈಗಳನ್ನು. ಆಮೇಲೆ ಮುಖವನ್ನು.

ಸಂಜೆ ನಾಲ್ಕೂವರೆಗೆ ಇವಲಾನಿ ಚಿಕಿತ್ಸಾಲಯದಿಂದ ಹೊರಬಿದ್ದಾಗ ಎದುರಿಗೇ ಕೈಮಿಯ ಹಳೆಯ ಗಾಡಿ ನಿಂತಿತ್ತು. ಸ್ಟೀರಿಂಗ್ ಹಿಂದೆ ರೊವೆನಾ. ಸೀಟು ಮುಂದೆ ಎಳೆದುಕೊಂಡರೂ ಕಾಲು ಸರಿಯಾಗಿ ಎಟುಕದೆ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆ. "ಶ್ಯಾವಿಗೆ ಉಳಿದಿದೆ. ನಮ್ಮಕ್ಕ ನೂರು ಜನಕ್ಕೆ ಅಂತ ಮಾಡ್ಬಿಟ್ಟಿದ್ದಾಳೆ. ತಿಂದು ತಿಂದು ನಾನೂ ಹೋಗ್ತೀನಿ ಅವನ ಹಿಂದೆ. ಗಾಡಿ ಹತ್ತು." ಇಬ್ಬರೂ ದಡಕ್ಕೆ ಬಂದು, ತಟ್ಟೆಯನ್ನು ನಡುವೆ ಇಟ್ಟುಕೊಂಡು ಮರಳಿನ ಮೇಲೆ ಕೂತರು. ಉಬ್ಬರ ಇಳಿದಿತ್ತು. ದಿಬ್ಬದ ಮೇಲೆ ಅಲ್ಲಲ್ಲಿ ಸಣ್ಣಗೆ ನೊರೆ ಏಳುತ್ತಿತ್ತು. ದಾರಿಯುದ್ದಕ್ಕೂ ಇವಲಾನಿ ವಾಕ್ಯ ಜೋಡಿಸುತ್ತಿದ್ದಳು. ಅತ್ತಿಗೆ, ನಾನು ಹಾಕಲಿಲ್ಲ, ಅದು ಬಿದ್ದುಹೋಯಿತು. ಇಲ್ಲ, ಅದು ಬಿತ್ತು ಅಂದರೆ ಅದರದ್ದೇ ತಪ್ಪು ಅನ್ನುವ ಹಾಗಾಗುತ್ತದೆ. ನಾನು ಬೀಳಿಸಿದೆ. ಯಾವಾಗ ಬೀಳಿಸಿದೆನೆಂದು ನನಗೆ ಗೊತ್ತಿಲ್ಲ. ಇಷ್ಟು ಹೇಳಬಹುದಿತ್ತು. ಇಷ್ಟು ಯಾರಿಗಾದರೂ ಆಗುವಂಥದ್ದೇ. ಹೇಳಲಾಗದ್ದು ಇದರ ಕೆಳಗಿತ್ತು. ಹಲಗೆ ತಿರುಗಿದ ಆ ಗಳಿಗೆಯಲ್ಲಿ ಅವಳು ಅಭ್ಯಾಸಬಲದಿಂದ ಎಡಗಡೆ ನೋಡಿದ್ದಳು, ಹೋ ಎಂಬ ಕೂಗಿಗೆ ಕಿವಿಗೊಟ್ಟಿದ್ದಳು. ಕೂಗು ಬರಲಿಲ್ಲ. ಆಗ ಮನಸ್ಸು, ಬೇರೆಯವರ ಮನಸ್ಸಲ್ಲ, ಅವಳದೇ ಮನಸ್ಸು, ಸ್ಪಷ್ಟವಾಗಿ, ಸಂತೋಷದಿಂದ ಅಂದಿತ್ತು: ಇವತ್ತು ಅವನಿಲ್ಲ.

"ನಿನ್ನೆ ನೀನು ನಗ್ತಿದ್ದೆ," ಎಂದಳು ರೊವೆನಾ.

ಇವಲಾನಿಯ ಕಿವಿ ಬಿಸಿಯಾಯಿತು.

"ಅಂಕಲ್ ನನ್ನ ಅಲೆ ಬೆನ್ನ ಮೇಲೆ ಎಳ್ಕೊಂಡು ಹೋದಾಗ ಕೆಳಗೆ ನೋಡ್ದೆ. ನಿನ್ನ ಮುಖ ಕಾಣ್ತು. ನಗ್ತಿದ್ದೆ."

"ಅತ್ತಿಗೆ, ನಾನು..."

"ತಡಿ, ನಾನು ಹೇಳಿ ಮುಗಿಸ್ಬಿಡ್ತೀನಿ, ಆಮೇಲೆ ಧೈರ್ಯ ಬರಲ್ಲ. ರಾತ್ರಿಯೆಲ್ಲ ನಿನ್ನ ಮೇಲೆ ಕೋಪ ನಂಗೆ. ಕೆಟ್ಟ ಕೆಟ್ಟ ಮಾತು ಬೈದೆ, ನಮ್ಮ ಊರ ಭಾಷೇಲಿ, ಒಬ್ಬಳೇ, ಗೋಡೆ ನೋಡ್ಕೊಂಡು. ನಂಗೊಂದೇ ಒಂದು ಕೆಲಸ ಇತ್ತು. ಅದನ್ನೂ ಇವಳೇ ಕಿತ್ಕೊಂಡ್ಳಲ್ಲ ಅಂತ." ರೊವೆನಾ ಮೂಗು ಒರೆಸಿಕೊಂಡಳು. "ಬೆಳಗ್ಗೆ ಯೋಚನೆ ಬಂತು. ನಾನಾಗಿದ್ರೆ ಏನ್ಮಾಡ್ತಿದ್ದೆ? ಕಣ್ಣು ಗಟ್ಟಿ ಮುಚ್ಕೊಂಡು ನೀರಿಗೆ ಎಸೀತಿದ್ದೆ. ಎಲ್ಲಿ ಬಿತ್ತು ಅಂತಾನೂ ನೋಡ್ತಿರ್ಲಿಲ್ಲ. ನೀನು ಕಣ್ಣು ಬಿಟ್ಕೊಂಡು, ನಗ್ತಾ ಕಳ್ಸಿದ್ಯಲ್ಲ. ನೀನಾದ್ರೂ ನೋಡಿದ್ಯಲ್ಲ. ನಂಗಷ್ಟು ಸಾಕು."

ಗಾಳಿಗೆ ತಟ್ಟೆಯ ಅಲ್ಯೂಮಿನಿಯಂ ಹಾಳೆ ಪರಪರ ಎಂದಿತು. ಇವಲಾನಿ ಅದನ್ನು ಬೆರಳಿನಿಂದ ಒತ್ತಿ ಹಿಡಿದಳು. ಜೋಡಿಸಿಕೊಂಡಿದ್ದ ವಾಕ್ಯಗಳು ಇದ್ದಲ್ಲೇ ಇದ್ದವು, ಸರಿಯಾದ ಕ್ರಮದಲ್ಲಿ, ಒಂದು ಪದವೂ ಹೆಚ್ಚು ಕಡಿಮೆಯಿಲ್ಲದೆ.

"ಎಲ್ಲಿ ಬಿಟ್ಟೆ, ತೋರ್ಸು," ಎಂದು ರೊವೆನಾ ಎದ್ದು ನಿಂತಳು. "ನೀರಿಗಂತೂ ಇನ್ನು ಸತ್ರೂ ಇಳಿಯಲ್ಲ ನಾನು. ಆದ್ರೆ ಇಲ್ಲಿ ನಿಂತು ನೋಡ್ಬಹುದಲ್ಲ. ಸಮುದ್ರ ಪೂರ್ತಿ ನೋಡ್ತಾ ಕೂರಕ್ಕಾಗಲ್ಲ ಇವಾ, ತಲೆ ಕೆಡುತ್ತೆ. ಒಂದು ಜಾಗ ಬೇಕು."

ಸಮುದ್ರ ಇದ್ದಷ್ಟೂ ಇತ್ತು. ಇವಲಾನಿ ಕೈಯೆತ್ತಿದಳು. ಎತ್ತಿದ ಮೇಲೆ ಅದು ಎಲ್ಲಿಗಾದರೂ ಹೋಗಿ ನಿಲ್ಲಲೇಬೇಕಿತ್ತು. "ಆ ಕರೀ ಬಂಡೆ ಇದೆಯಲ್ಲ, ಅದರ ನೇರಕ್ಕೆ. ನೊರೆ ಏಳ್ತಿದೆ ನೋಡಿ, ಅಲ್ಲಿಂದ ಸ್ವಲ್ಪ ಈಚೆ."

"ಬಂಡೆ ನೇರಕ್ಕೆ." ರೊವೆನಾ ಕಣ್ಣಿಗೆ ಕೈ ಅಡ್ಡ ಹಿಡಿದು, ಬಂಡೆಯನ್ನೂ ನೊರೆಯನ್ನೂ ಒಂದೇ ಗೆರೆಗೆ ತರಲು ಮರಳಿನ ಮೇಲೆ ಪಕ್ಕ ಪಕ್ಕಕ್ಕೆ ಹೆಜ್ಜೆ ಹಾಕಿದಳು. "ಏನಾದ್ರೂ ಅಂದ್ಯಾ ಅವನಿಗೆ, ಬಿಡೋವಾಗ?"

"ಹೋಗ್ಬಾ ಅಂದೆ."

ರೊವೆನಾ ತಲೆಯಾಡಿಸಿದಳು. ಅವಳ ಬೆನ್ನು ಚಿಕ್ಕದು, ಕೈಮಿಯ ಹಳೇ ಅಂಗಿ ತೊಟ್ಟಿದ್ದರಿಂದ ಇನ್ನೂ ಚಿಕ್ಕದಾಗಿ ಕಂಡಿತು. ಆ ಬೆನ್ನನ್ನು ನೋಡುತ್ತ ಇವಲಾನಿಗೆ ಖಚಿತವಾಯಿತು. ಇವಳಿಗೆ ಹೇಳುವುದಿಲ್ಲ. ಅಂಕಲ್‌ಗೆ ಹೇಳುವುದಿಲ್ಲ, ಪಾದ್ರಿಗೆ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಇದು ಕರುಣೆಯೋ, ಹೇಡಿತನವೋ, ಸಿಕ್ಕ ಹೊಗಳಿಕೆ ಬಿಟ್ಟುಕೊಡಲಾರದ ಆಸೆಯೋ. ಮೂರನ್ನೂ ಬಿಡಿಸಿ ನೋಡುವಷ್ಟು ತಾನು ಶುದ್ಧಳಲ್ಲ. ನಾಳೆ ಅಲೆ ಬಂದರೆ ಮತ್ತೆ ಹೋಗುತ್ತೇನೆ ಎಂಬುದೂ ಅವಳಿಗೆ ಗೊತ್ತಿತ್ತು.

"ಇಲ್ಲೇನಾ?" ರೊವೆನಾ ತಿರುಗದೆಯೇ ಕೂಗಿದಳು. "ಇಲ್ಲಿ ನಿಂತ್ರೆ ಸರೀನಾ?"

ಇವಲಾನಿ ಬಂಡೆ ನೋಡಿದಳು, ನೊರೆ ನೋಡಿದಳು. "ಇನ್ನೊಂದು ಹೆಜ್ಜೆ ಎಡಕ್ಕೆ, ಅತ್ತಿಗೆ," ಎಂದಳು.